ಗಣಪತಿ ಪಟ್ಟಿಗೆ ಲೆಕ್ಕ ಕೇಳ್ತೀವಿ, ಗ್ರಂಥಾಲಯದ ಪಟ್ಟಿಗೆ ಯಾಕೆ ಕೇಳಲ್ಲ?

ನನ್ನ ಚಿಕ್ಕಮ್ಮನ ಮಗಳು ಅಮೆರಿಕದ ಓಹಿಯೋ ರಾಜ್ಯದಲ್ಲಿದ್ದಾಳೆ. ಹೋಗಿ ಹದಿನೆಂಟು ವರ್ಷ ಆಯ್ತು, ಅಲ್ಲಿಯ ಪೌರತ್ವ ಸಿಕ್ಕಿದ್ದು ಮಾತ್ರ ಇತ್ತೀಚೆಗೆ. ಹೋದ ನವೆಂಬರಿನಲ್ಲಿ ಮೊದಲ ಸಲ ಓಟು ಹಾಕಿದಳು. ಅವರಿಗೆ ಮಂಗಳವಾರ ಸಂಜೆ, ನಮಗೆ ಬುಧವಾರ ಬೆಳಿಗ್ಗೆ. ನಾನು ರೊಟ್ಟಿ ಬಡೀತಾ ಇದ್ದೆ, ಫೋನ್ ಬಂತು.

"ಅಕ್ಕಾ, ಲೈಬ್ರರಿಗೆ ಓಟ್ ಹಾಕಿ ಬಂದೆ ನೋಡು" ಅಂದಳು.

ನಮ್ಮಲ್ಲಿ ಶಾಲೆಯೊಳಗೆ ಮತಗಟ್ಟೆ ಇರುವ ಹಾಗೆ ಅಲ್ಲಿ ಲೈಬ್ರರಿಯಲ್ಲಿ ಇರುತ್ತೇನೋ ಅಂದುಕೊಂಡೆ. "ಲೈಬ್ರರ್‍ಯಾಗ ಅಲ್ಲಕ್ಕಾ, ಲೈಬ್ರರಿಗೇ. ಅದಕ್ಕ ನಮ್ಮ ಮನಿ ಪಟ್ಟಿಯಿಂದ ರೊಕ್ಕ ಕೊಡಬೇಕೋ ಬ್ಯಾಡೋ ಅಂತ ನಮ್ಮನ್ನ ಕೇಳ್ತಾರ" ಅಂದಳು. ಹಂಚಿನ ಮೇಲಿನ ರೊಟ್ಟಿ ಹೊತ್ತಿತು. ನಾನು ಒಲೆ ಆರಿಸಿ ಕೂತುಬಿಟ್ಟೆ.

ಲೈಬ್ರರಿಗೆ ತೆರಿಗೆ ಕೊಡ್ತೀರಾ ಅಂತ ಸರ್ಕಾರ ಜನರನ್ನ ಕೇಳೋದು! ವಿಜಯಪುರ ಜಿಲ್ಲೆಯಲ್ಲಿ ಹುಟ್ಟಿ ಬೆಳೆದು, ಇಪ್ಪತ್ತು ವರ್ಷದಿಂದ ವಿಜಯಪುರದಲ್ಲೇ ಕನ್ನಡ ಪಾಠ ಮಾಡಿಕೊಂಡು ಇರುವ ನನಗೆ ಇದು ಹೊಸ ವಿಷಯ. ಅವತ್ತಿನಿಂದ ತಲೆಯಲ್ಲಿ ಕೂತಿದೆ. ಈಗ ಏಪ್ರಿಲ್, ಮನೆ ತೆರಿಗೆ ಕಟ್ಟುವ ತಿಂಗಳು. ಬರೆದುಬಿಡೋಣ ಅನಿಸಿತು.

ಮೊದಲು ಅಲ್ಲಿಯ ಪದ್ಧತಿ ಹೇಳ್ತೀನಿ. ತಂಗಿ ನನಗೆ ಮತಪತ್ರದ ಮಾದರಿ ಕಳಿಸಿದ್ದಳು, ಚುನಾವಣೆಗೆ ಮೊದಲೇ ಅದನ್ನ ಎಲ್ಲರೂ ನೋಡಬಹುದಂತೆ. ಅದರಲ್ಲಿ ಊರಿನ ಹುದ್ದೆಗಳಿಗೆ ನಿಂತವರ ಹೆಸರು ಇವೆ, ಕೆಳಗೆ ಈ ತೆರಿಗೆಯ ಪ್ರಶ್ನೆ. ಯಾವ ಗ್ರಂಥಾಲಯಕ್ಕೆ, ಯಾವ ಕೆಲಸಕ್ಕೆ, ಎಷ್ಟು ದರ, ಒಂದು ಲಕ್ಷ ಡಾಲರ್ ಬೆಲೆಯ ಮನೆಗೆ ಎಷ್ಟು ಬೀಳುತ್ತೆ, ಎಷ್ಟು ವರ್ಷ, ಯಾವ ವರ್ಷದಿಂದ ಶುರು, ಎಲ್ಲ ಒಂದೇ ಪ್ಯಾರಾದಲ್ಲಿ. ಅದರ ಕೆಳಗೆ ಎರಡೇ ಖಾನೆ. ತೆರಿಗೆಯ ಪರ, ತೆರಿಗೆಯ ವಿರುದ್ಧ. ಅಷ್ಟೇ.

ದರವನ್ನ ಅವರು 'ಮಿಲ್' ಅನ್ನೋ ಲೆಕ್ಕದಲ್ಲಿ ಹೇಳ್ತಾರೆ. ಒಂದು ಮಿಲ್ ಅಂದರೆ ತೆರಿಗೆಗೆ ಹಿಡಿಯುವ ಬೆಲೆಯಲ್ಲಿ ಸಾವಿರ ಡಾಲರಿಗೆ ಒಂದು ಡಾಲರ್. ಓಹಿಯೋದಲ್ಲಿ ಮನೆಯ ಪೂರ್ತಿ ಬೆಲೆಗೆ ತೆರಿಗೆ ಇಲ್ಲ, ಬೆಲೆಯ ಶೇ. 35 ಮಾತ್ರ ಲೆಕ್ಕಕ್ಕೆ ಬರುತ್ತೆ. ಹಾಗಾಗಿ ಎರಡು ಲಕ್ಷ ಡಾಲರ್ ಮನೆ ಇದ್ದವರಿಗೆ ಲೆಕ್ಕ 70 ಸಾವಿರಕ್ಕೆ, ಒಂದು ಮಿಲ್ ಅಂದರೆ ವರ್ಷಕ್ಕೆ 70 ಡಾಲರ್. ನಮ್ಮ ರೊಕ್ಕದಲ್ಲಿ ಹೆಚ್ಚು ಕಡಿಮೆ ಆರು ಸಾವಿರ. ರಾಜ್ಯ ಸರ್ಕಾರದ ಗ್ರಂಥಾಲಯ ನಿಧಿಯಿಂದಲೂ ಒಂದು ಪಾಲು ಬರುತ್ತೆ, ಅದು ಸಾಕಾಗದ ಊರುಗಳು ಹೀಗೆ ಜನರ ಹತ್ತಿರ ಬರ್ತವೆ. ತಂಗಿಯ ಊರಿನದು ಐದು ವರ್ಷದ ತೆರಿಗೆ. ಐದು ವರ್ಷ ಮುಗಿದ ಮೇಲೆ ಮತ್ತೆ ಬಂದು ಕೇಳಬೇಕು.

ನನಗೆ ಹಿಡಿಸಿದ್ದು ಈ ಮತ್ತೆ ಬಂದು ಕೇಳೋದು. ಐದು ವರ್ಷ ಬಾಗಿಲು ಸರಿಯಾಗಿ ತೆಗೀಲಿಲ್ಲ, ಹೊಸ ಪುಸ್ತಕ ತರಲಿಲ್ಲ, ಮಕ್ಕಳನ್ನ ಗದರಿಸಿ ಕಳಿಸಿದರು ಅಂದರೆ ಆರನೇ ವರ್ಷ ಜನ ಬೇಡ ಅಂದುಬಿಡ್ತಾರೆ. ಹಾಗಾಗಿ ಲೈಬ್ರರಿಯವರು ಜನರ ಜೊತೆ ಬಳಕೆ ಇಟ್ಟುಕೊಳ್ಳಲೇಬೇಕು. ತಂಗಿಯ ಓಣಿಯಲ್ಲಿ ಲೈಬ್ರರಿಯ ಹಿತೈಷಿಗಳು ಅಂತ ಒಂದು ಗುಂಪು ಇದೆ, ರಿಟೈರ್ ಆದವರೇ ಜಾಸ್ತಿ. ಅವರು ಮನೆಮನೆಗೆ ಹೋಗಿ ಹೇಳಿದರಂತೆ, ಅಂಗಳದಲ್ಲಿ ಸಣ್ಣ ಬೋರ್ಡ್ ನೆಟ್ಟರಂತೆ. ಬೇಡ ಅನ್ನುವವರೂ ತಮ್ಮ ಬೋರ್ಡ್ ನೆಟ್ಟರು. ಒಂದು ತಿಂಗಳು ಊರೆಲ್ಲ ಲೈಬ್ರರಿಯದೇ ಮಾತು. ನಮ್ಮೂರಿನಲ್ಲಿ ಒಂದು ತಿಂಗಳು ಲೈಬ್ರರಿಯ ಬಗ್ಗೆ ಮಾತಾಡಿದ್ದು ನನಗಂತೂ ನೆನಪಿಲ್ಲ.

ಈಗ ನಮ್ಮ ಕಡೆಗೆ ಬರೋಣ.

ಅವತ್ತು ಸಂಜೆ ನಾನು ಟ್ರಂಕಿನಿಂದ ಹಳೆಯ ಚಲನ್ ತೆಗೆದು ನೋಡಿದೆ. ವರ್ಷಾ ವರ್ಷಾ ಕಟ್ಟಿದ್ದೇನೆ, ಏಪ್ರಿಲಿನಲ್ಲೇ ಕಟ್ಟಿದರೆ ಶೇ. 5 ರಿಯಾಯಿತಿ ಸಿಗುತ್ತೆ ಅಂತ ಓಡಿ ಹೋಗಿ ಕಟ್ಟಿದ್ದೇನೆ, ಆದರೆ ಕೆಳಗಿನ ಸಾಲುಗಳನ್ನ ಒಂದು ದಿನವೂ ಓದಿರಲಿಲ್ಲ. ಆಸ್ತಿ ತೆರಿಗೆ ಒಂದು ಸಾಲು. ಅದರ ಕೆಳಗೆ ಆರೋಗ್ಯ ಕರ ಶೇ. 15. ಗ್ರಂಥಾಲಯ ಕರ ಶೇ. 6. ಭಿಕ್ಷುಕರ ಕರ ಶೇ. 3. ನಮ್ಮದು ಸಣ್ಣ ಮನೆ, ತೆರಿಗೆ 3,000 ರೂಪಾಯಿ ಅಂತಿಟ್ಟುಕೊಳ್ಳಿ, ಗ್ರಂಥಾಲಯಕ್ಕೆ 180 ರೂಪಾಯಿ. ತಿಂಗಳಿಗೆ 15. ಸಂಜೆ ಗಾಡಿಯಲ್ಲಿ ಒಂದು ಪ್ಲೇಟ್ ಮಿರ್ಚಿ ಭಜಿ ತಿಂದರೂ ಇದಕ್ಕಿಂತ ಜಾಸ್ತಿ ಆಗುತ್ತೆ.

ಅಂದರೆ ತಂಗಿ ಓಟು ಹಾಕಿ ಒಪ್ಪಿದ್ದನ್ನ ನಾವು ಆಗಲೇ ಕೊಡ್ತಾ ಇದ್ದೀವಿ! ಇವತ್ತು ನಿನ್ನೆಯಿಂದ ಅಲ್ಲ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂದಾಗಿನಿಂದ. ಆಗ ನಮ್ಮ ರಾಜ್ಯದ ಹೆಸರು ಇನ್ನೂ ಮೈಸೂರು. ಮನೆ, ಜಾಗದ ತೆರಿಗೆಯ ಮೇಲೆ ರೂಪಾಯಿಗೆ ಇಷ್ಟು ಪೈಸೆ ಅಂತ ಗ್ರಂಥಾಲಯಕ್ಕೇ ತೆಗೆದಿಡಬೇಕು ಅಂತ ಆ ಕಾಯ್ದೆ ಹೇಳಿತು, ಈಗ ಅದು ಆರು ಪೈಸೆ. ದೇಶದಲ್ಲಿ ಇಂಥ ಕಾಯ್ದೆಗೆ ಜೀವ ತೇದವರು ಎಸ್. ಆರ್. ರಂಗನಾಥನ್. 1948ರಲ್ಲಿ ಮದ್ರಾಸಿನಲ್ಲಿ ಗ್ರಂಥಾಲಯ ಕಾಯ್ದೆ ಬಂದದ್ದು ಅವರ ದುಡಿಮೆಯಿಂದ, ಅದರಲ್ಲೂ ಕರ ಇತ್ತು. ಕೊನೆಯ ವರ್ಷಗಳನ್ನ ಅವರು ಬೆಂಗಳೂರಿನಲ್ಲೇ ಕಳೆದರು. ಪುಸ್ತಕ ಇರೋದು ಬಳಸೋಕೆ ಅನ್ನೋದು ಗ್ರಂಥಾಲಯಕ್ಕೆ ಅವರು ಕೊಟ್ಟ ಐದು ಸೂತ್ರಗಳಲ್ಲಿ ಮೊದಲನೆಯದು, ಬೀರುವಿಗೆ ಬೀಗ ಹಾಕಿಟ್ಟ ಲೈಬ್ರರಿ ನೋಡಿದಾಗೆಲ್ಲ ನನಗೆ ಅದೇ ನೆನಪಾಗುತ್ತೆ.

ನಮ್ಮಿಂದ ನೂರು ಕಿಲೋಮೀಟರ್ ದಾಟಿದರೆ ಸೊಲ್ಲಾಪುರ. ಮಹಾರಾಷ್ಟ್ರದ ಗ್ರಂಥಾಲಯ ಕಾಯ್ದೆ 1967ರದ್ದು, ಅದರಲ್ಲಿ ಕರವೇ ಇಲ್ಲ. ಅಲ್ಲಿ ಊರಿನ ಸಂಘಗಳು ವಾಚನಾಲಯ ನಡೆಸ್ತವೆ, ಸರ್ಕಾರ ಅನುದಾನ ಕೊಡುತ್ತೆ. ನನ್ನ ಸೋದರತ್ತೆಯ ಮನೆ ಆ ಕಡೆ. ಅವರ ಓಣಿಯ ವಾಚನಾಲಯಕ್ಕೆ ಸದಸ್ಯರ ವರ್ಗಣಿ, ವರ್ಷಕ್ಕೊಂದು ಸಭೆ, ಸಭೆಯಲ್ಲಿ ಜಗಳ. ಯಾವ ಮಾಸಿಕ ತರಿಸಬೇಕು ಅಂತ ಎಪ್ಪತ್ತು ವರ್ಷದ ಮಾಮಾ ಎದ್ದು ನಿಂತು ಕೂಗಾಡಿದ್ದನ್ನ ನಾನೇ ನೋಡಿದ್ದೇನೆ. ಕರ ಇಲ್ಲದಿದ್ದರೂ ಅವರಿಗೆ ಅದು ನಮ್ಮದು ಅನ್ನೋ ಹಟ ಇದೆ. ನಮಗೆ ಕರ ಇದೆ, ಹಟ ಇಲ್ಲ.

ಯಾಕೆ ಇಲ್ಲ ಅಂತ ಯೋಚನೆ ಮಾಡಿದಾಗ ನನಗೆ ಹೊಳೆದದ್ದು ಗಣಪತಿ ಪಟ್ಟಿ.

ನಮ್ಮ ಓಣಿಯಲ್ಲಿ ಶ್ರಾವಣ ಬಂತು ಅಂದರೆ ಹುಡುಗರು ರಸೀದಿ ಪುಸ್ತಕ ಹಿಡಿದು ಬರ್ತಾರೆ. "ಅಕ್ಕಾರ, ಪಟ್ಟಿ ಕೊಡ್ರಿ." ನಾವು 501 ಬರಿ ಅಂದರೆ ಅವರು 1,001 ಅಂತಾರೆ. "ಹೋದ ವರ್ಷದ್ದು ಏನ್ ಮಾಡಿದ್ರಿ?" "ಪೆಂಡಾಲಕ್ಕ ಎಷ್ಟಾತು?" "ಡಾಲ್ಬಿ ತಂದ್ರ ನಾ ಒಂದ್ ರೂಪಾಯಿ ಕೊಡಂಗಿಲ್ಲ ನೋಡಪಾ ತಮ್ಮಾ." ಹೀಗೆ ಕಾಲು ಗಂಟೆ ಬಾಗಿಲಲ್ಲೇ ಮಾತು. ಗಣಪತಿ ಕಳಿಸಿದ ಮೇಲೆ ಗುಡಿಯ ಕಟ್ಟೆಯ ಮೇಲೆ ಲೆಕ್ಕ ಓದ್ತಾರೆ, ಉಳಿದದ್ದು ಎಷ್ಟು, ಯಾರ ಕೈಯಲ್ಲಿದೆ ಅಂತ ಎಲ್ಲರ ಮುಂದೆ ಹೇಳ್ತಾರೆ. ಹೋದ ವರ್ಷ 340 ರೂಪಾಯಿ ತಾಳೆ ಆಗಲಿಲ್ಲ. ಅದಕ್ಕೆ ಒಂದು ತಾಸು ವಾದ ನಡೆದು, ಕೊನೆಗೆ ಲೈಟಿನವನ ಚೀಟಿ ಒಬ್ಬರ ಅಂಗಿ ಜೇಬಿನಲ್ಲಿ ಸಿಕ್ಕಿತು.

ಕೇಳಿ ತಗೊಂಡ ರೊಕ್ಕಕ್ಕೆ ಲೆಕ್ಕ ಕೇಳ್ತಾರೆ. ನಮ್ಮನ್ನ ಯಾರೂ ಕೇಳದೆ ಚಲನ್‌ನಲ್ಲಿ ಸೇರಿಕೊಂಡು ಹೋಗುವ ಆರು ಪೈಸೆಗೆ ಯಾರು ಲೆಕ್ಕ ಕೇಳಬೇಕು? ನಮ್ಮ ಓಣಿಯಲ್ಲಿ ನಾನು ಹತ್ತು ಮನೆಯಲ್ಲಿ ಕೇಳಿ ನೋಡಿದೆ. ಗ್ರಂಥಾಲಯ ಕರ ಕೊಡ್ತೀವಿ ಅಂತ ಗೊತ್ತಿದ್ದದ್ದು ಒಬ್ಬರಿಗೆ ಮಾತ್ರ, ಅವರೂ ಬ್ಯಾಂಕಿನಲ್ಲಿ ಕೆಲಸ ಮಾಡಿದವರು. ಪಕ್ಕದ ಮನೆಯ ಅಜ್ಜಿ "ಹೌದೇನವ್ವಾ, ಹಂಗಾದ್ರ ನಾನೂ ಹೋಗಿ ಓದಬೌದೇನು?" ಅಂತ ಕೇಳಿದರು. ಓದೋಕೆ ಬರುತ್ತೆ ಅವರಿಗೆ, ಕನ್ನಡಕ ಹಾಕಿಕೊಂಡು ಪುರಾಣ ಓದ್ತಾರೆ. ನಲವತ್ತು ವರ್ಷದಿಂದ ಮನೆ ಪಟ್ಟಿ ಕಟ್ಟಿದ್ದಾರೆ, ಲೈಬ್ರರಿಯ ಮೆಟ್ಟಿಲು ಹತ್ತಿಲ್ಲ.

ನಮ್ಮ ಹತ್ತಿರದ ಲೈಬ್ರರಿ ಯಾವುದು ಅಂತ ಹೆಸರು ಹೇಳೋದಿಲ್ಲ. ಅಲ್ಲಿ ಕೆಲಸ ಮಾಡುವವರು ಒಳ್ಳೆಯವರು, ಅವರ ಮೇಲೆ ನನ್ನ ದೂರಿಲ್ಲ. ಆದರೆ ಏನಿದೆ ಅನ್ನೋದನ್ನ ಹೇಳಲೇಬೇಕು.

ಬೆಳಿಗ್ಗೆ ಬಾಗಿಲು ತೆಗೆಯೋಕೆ ಮೊದಲೇ ಹೊರಗೆ ಹುಡುಗರು ಸಾಲು ನಿಂತಿರ್ತಾರೆ. ಇಂಡಿ, ಸಿಂದಗಿ, ದೇವರ ಹಿಪ್ಪರಗಿ, ತಾಳಿಕೋಟೆ ಕಡೆಯವರು. ಪಿಎಸ್‌ಐ, ಪಿಡಿಒ, ಎಫ್‌ಡಿಎ ಪರೀಕ್ಷೆಗೆ ಓದುವವರು. ಒಂದು ರೂಮಿನಲ್ಲಿ ಐದು ಜನ ಇರ್ತಾರೆ, ಊರಿನಿಂದ ಬಸ್ಸಿನಲ್ಲಿ ಬುತ್ತಿ ಬರುತ್ತೆ, ಅಷ್ಟರಲ್ಲಿ ಜೀವನ. ರೂಮಿನಲ್ಲಿ ಓದೋಕೆ ಆಗಲ್ಲ, ಹಾಗಾಗಿ ಲೈಬ್ರರಿ. ಬಾಗಿಲು ತೆಗೆದ ಕೂಡಲೇ ಓಡಿ ಹೋಗಿ ಕುರ್ಚಿಯ ಮೇಲೆ ನೀರಿನ ಬಾಟಲಿ ಇಟ್ಟು ಜಾಗ ಹಿಡೀತಾರೆ. ಜಾಗ ಸಿಗದವರು ಗೋಡೆಗೆ ಆತುಕೊಂಡು ನೆಲದ ಮೇಲೆ. ಏಪ್ರಿಲ್ ಬಿಸಿಲು ನಮ್ಮೂರಲ್ಲಿ ಹೇಗಿರುತ್ತೆ ಅಂತ ಗೊತ್ತಲ್ಲ, ಮೇಲೆ ಫ್ಯಾನು ಗರಗರ ಅಂತ ಬಿಸಿ ಗಾಳಿಯನ್ನೇ ತಿರುವುತ್ತೆ. ಆದರೂ ಮಧ್ಯಾಹ್ನ ಎರಡು ಗಂಟೆಗೂ ಒಂದು ಕುರ್ಚಿ ಖಾಲಿ ಇರೋದಿಲ್ಲ.

ಮುಂದಿನ ಕೋಣೆಯಲ್ಲಿ ಪೇಪರ್. ಆಟೋ ಓಡಿಸುವ ಒಬ್ಬರು ದಿನಾ ಹನ್ನೊಂದಕ್ಕೆ ಬಂದು ನಿಂತುಕೊಂಡೇ ಪೂರ್ತಿ ಪೇಪರ್ ಓದ್ತಾರೆ, ಬೆರಳು ಸಾಲಿನ ಮೇಲೆ ಇಟ್ಟು. ಆ ಬೆರಳನ್ನ ನೋಡಿದರೆ ನನಗೆ ಗೌರವ ಬರುತ್ತೆ.

ನಮ್ಮ ಶಾಲೆಯಲ್ಲಿ ಕಲಿತ ಹುಡುಗಿಯೊಬ್ಬಳು ಅಲ್ಲಿ ಓದ್ತಾಳೆ. ಹೋದ ತಿಂಗಳು ಅವಳ ಮುಂದಿದ್ದ ಸಾಮಾನ್ಯ ಜ್ಞಾನದ ಪುಸ್ತಕ ನೋಡಿದೆ. ಮೂಲೆಗಳು ಅರಳೆಯ ಹಾಗೆ ಮೆತ್ತಗಾಗಿವೆ, ನಡುವೆ ಹದಿನಾರು ಪುಟ ಇಲ್ಲ, ಯಾರೋ ಬ್ಲೇಡಿನಿಂದ ಕೊಯ್ದಿದ್ದಾರೆ. ಒಳಗೆ ಮುದ್ರಣದ ವರ್ಷ ನೋಡಿದರೆ ಐದು ವರ್ಷ ಹಿಂದಿನದು. ಐದು ವರ್ಷದ ಹಿಂದಿನ ಸಾಮಾನ್ಯ ಜ್ಞಾನದಿಂದ ಪರೀಕ್ಷೆ ಹೇಗೆ ಬರೀಬೇಕು? "ಟೀಚರ್ರೀ, ಇಲ್ಲಿ ಇರೂದು ಇದೊಂದ ಕಾಪಿರಿ" ಅಂದಳು. ಹೆಣ್ಣುಮಕ್ಕಳಿಗೆ ಶೌಚಾಲಯ ಇದೆ, ಆದರೆ ನೀರಿಲ್ಲ. ಹಾಗಾಗಿ ಅವಳು ಬೆಳಿಗ್ಗೆಯಿಂದ ನೀರು ಕುಡಿಯೋದಿಲ್ಲ. ನಲವತ್ತು ಡಿಗ್ರಿ ಬಿಸಿಲಲ್ಲಿ, ಓದೋಕೆ ಅಂತ, ಒಂದು ಹುಡುಗಿ ನೀರು ಕುಡಿಯದೆ ಕೂರ್ತಾಳೆ. ಇದನ್ನ ಬರೆಯುವಾಗಲೂ ನನಗೆ ಸಿಟ್ಟು ಬರ್ತಾ ಇದೆ.

ಗ್ರಂಥಪಾಲಕರನ್ನ ಕೇಳಿದೆ. "ಹೊಸಾ ಪುಸ್ತಕದ ಪಟ್ಟಿ ಕಳಿಸೀವ್ರಿ ಮೇಡಮ್, ಅನುದಾನ ಬಂದ ಕೂಡ್ಲೇ ತರಸ್ತೀವಿ" ಅಂದರು. ಪಾಪ, ಅವರಾದರೂ ಏನು ಮಾಡ್ತಾರೆ. ಕರ ವಸೂಲಿ ಮಾಡೋದು ಊರಿನ ಸ್ಥಳೀಯ ಸಂಸ್ಥೆ, ಅದು ಹೋಗಿ ಸೇರಬೇಕಾದ್ದು ಗ್ರಂಥಾಲಯ ಪ್ರಾಧಿಕಾರಕ್ಕೆ. ಈ ಕೈಯಿಂದ ಆ ಕೈಗೆ ಹೋಗುವ ನಡುವೆ ರೊಕ್ಕ ನಿಂತುಬಿಟ್ಟರೆ ಲೈಬ್ರರಿಯಲ್ಲಿ ಕೂತವರಿಗೆ ಏನೂ ಮಾಡೋಕಾಗಲ್ಲ. ಬೆಂಗಳೂರಿನಲ್ಲಿ ಹೀಗೆ ಜನರಿಂದ ವಸೂಲಿ ಮಾಡಿ ಗ್ರಂಥಾಲಯಕ್ಕೆ ಕೊಡದೆ ಉಳಿದ ಬಾಕಿ ನೂರಾರು ಕೋಟಿ ಅಂತ ಪೇಪರಿನಲ್ಲಿ ಎಷ್ಟು ಸಲ ಬಂದಿದೆ. ನೂರಾರು ಕೋಟಿ! ನಮ್ಮ ಗಣಪತಿ ಪಟ್ಟಿಯಲ್ಲಿ 340 ರೂಪಾಯಿಗೆ ಒಂದು ತಾಸು ವಾದ ಮಾಡಿದವರು ನಾವು.

ಹಾಗಾದರೆ ಇಲ್ಲಿಯೂ ಓಟು ಹಾಕಿಸಿಬಿಡಬೇಕಾ? ಮೊದಲು ನಾನು ಹಾಗೇ ಅಂದುಕೊಂಡಿದ್ದೆ. ಆಮೇಲೆ ರಜೆಯಲ್ಲಿ ಕೂತು ಅಮೆರಿಕದ ಒಂದೆರಡು ಊರಿನ ಕಥೆ ಓದಿದೆ.

ಮಿಷಿಗನ್ ರಾಜ್ಯದಲ್ಲಿ ಟ್ರಾಯ್ ಅಂತ ಒಂದು ಊರು. 1971ರಲ್ಲಿ ಅಲ್ಲಿ ಹೊಸ ಲೈಬ್ರರಿ ಆಯ್ತು. ಮಕ್ಕಳ ವಿಭಾಗದ ಗ್ರಂಥಪಾಲಕಿ ಮಾರ್ಗರೀಟ್ ಹಾರ್ಟ್ ಜಗತ್ತಿನ ದೊಡ್ಡ ದೊಡ್ಡವರಿಗೆಲ್ಲ ಕಾಗದ ಬರೆದರು, ನಮ್ಮ ಊರಿನ ಮಕ್ಕಳಿಗೆ ಲೈಬ್ರರಿಯ ಬಗ್ಗೆ ನಾಲ್ಕು ಮಾತು ಬರೆದು ಕಳಿಸಿ ಅಂತ. 97 ಉತ್ತರ ಬಂದವು. ಚಂದ್ರನ ಮೇಲೆ ಕಾಲಿಟ್ಟು ಎರಡು ವರ್ಷವೂ ಆಗಿರದ ನೀಲ್ ಆರ್ಮ್‌ಸ್ಟ್ರಾಂಗ್ ಕೂಡ ಬರೆದರು. ಯೋಚನೆ ಮಾಡಿ, ಒಂದು ಸಣ್ಣ ಊರಿನ ಗ್ರಂಥಪಾಲಕಿ ಅಂಚೆಯಲ್ಲಿ ಕಾಗದ ಹಾಕಿದ್ದಕ್ಕೆ ಇಷ್ಟು ಜನ ಉತ್ತರ ಬರೆದರು. ನನ್ನ ತರಗತಿಯಲ್ಲಿ ಇದನ್ನ ಹೇಳಿದಾಗ ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳಿದರು.

ನಲವತ್ತು ವರ್ಷ ಆದ ಮೇಲೆ ಅದೇ ಲೈಬ್ರರಿ ಮುಚ್ಚುವ ಸ್ಥಿತಿಗೆ ಬಂತು. ಆರ್ಥಿಕ ಕುಸಿತದ ಕಾಲ, ಊರಿನ ಬೊಕ್ಕಸ ಖಾಲಿ. ತೆರಿಗೆಗೆ ಜನರನ್ನ ಕೇಳಿದರು, ಜನ ಬೇಡ ಅಂದರು. 2011ರ ಆಗಸ್ಟ್ 2ಕ್ಕೆ ಮತ್ತೆ ಮತದಾನ, ಕೇಳಿದ್ದು 0.7 ಮಿಲ್. ತೆರಿಗೆ ಅನ್ನೋ ಶಬ್ದ ಕೇಳಿದರೇ ಜನ ಸಿಡುಕುತ್ತಿದ್ದರು. ಆಗ ಊರಲ್ಲಿ ಬೋರ್ಡುಗಳು ಕಾಣಿಸಿಕೊಂಡವು: ಆಗಸ್ಟ್ 2ಕ್ಕೆ ಲೈಬ್ರರಿ ಮುಚ್ಚೋಕೆ ಓಟು ಹಾಕಿ, ಆಗಸ್ಟ್ 5ಕ್ಕೆ ಪುಸ್ತಕ ಸುಡುವ ಪಾರ್ಟಿಗೆ ಬನ್ನಿ. ಊರಿಗೆ ಊರೇ ಉರಿದುಬಿತ್ತು. ಪುಸ್ತಕ ಸುಡ್ತೀರಾ ಅಂತ ಜನ ಬೈದರು, ಬೋರ್ಡು ಕಿತ್ತರು. ಆಮೇಲೆ ಗೊತ್ತಾಯ್ತು, ಹಾಕಿದವರು ಲೈಬ್ರರಿಯ ಪರ ಇದ್ದವರೇ. ತೆರಿಗೆ ಬೇಡ ಅನ್ನೋದೂ ಪುಸ್ತಕ ಸುಡೋದೂ ಒಂದೇ ಅಂತ ತೋರಿಸೋಕೆ ಹಾಗೆ ಮಾಡಿದ್ದರು. ತೆರಿಗೆ ಗೆದ್ದಿತು, ಲೈಬ್ರರಿ ಉಳಿಯಿತು. ಆ ಉಪಾಯ ನನಗೆ ಪೂರ್ತಿ ಒಪ್ಪಿಗೆ ಇಲ್ಲ, ಜನರನ್ನ ಹೆದರಿಸಿ ಒಳ್ಳೆಯ ಕೆಲಸ ಮಾಡಿಸೋದು ಸರಿ ಅನಿಸಲ್ಲ. ಆದರೆ ಅಲ್ಲಿಯವರೆಗೆ ಎಷ್ಟು ತೆರಿಗೆ ಅಂತ ಮಾತಾಡ್ತಿದ್ದ ಊರು ಅವತ್ತು ಪುಸ್ತಕದ ಬಗ್ಗೆ ಮಾತಾಡಿತು.

ಅದೇ ರಾಜ್ಯದ ಇನ್ನೊಂದು ಊರು ಜೇಮ್ಸ್‌ಟೌನ್. ಅಲ್ಲಿಯ ಲೈಬ್ರರಿಯಲ್ಲಿ ಸಲಿಂಗಿಗಳ ಬದುಕಿನ ಕೆಲವು ಪುಸ್ತಕ ಇದ್ದವು. ಅವು ಬೇಡ ಅಂತ ಒಂದು ಗುಂಪು ಎದ್ದಿತು, 2022ರಲ್ಲಿ ಎರಡು ಸಲ ತೆರಿಗೆ ಸೋತಿತು. ನಾಲ್ಕು ಪುಸ್ತಕದ ಮೇಲಿನ ಸಿಟ್ಟಿಗೆ ಇಡೀ ಲೈಬ್ರರಿಯ ಅನ್ನಕ್ಕೇ ಕೈ ಹಾಕಿದರು. ಲೈಬ್ರರಿ ಉಳಿಯೋಕೆ 2023ರ ನವೆಂಬರ್ ಮತದಾನದವರೆಗೆ ಕಾಯಬೇಕಾಯ್ತು. ಇದನ್ನ ಓದಿದ ಮೇಲೆ ನನಗೆ ಹೆದರಿಕೆ ಆಯ್ತು. ನಮ್ಮಲ್ಲಿ ಹೀಗೆ ಪೂರ್ತಿ ಓಟಿಗೆ ಬಿಟ್ಟರೆ ಏನಾಗಬಹುದು? ಬೆಳಗಾವಿ ಕಡೆ ಕನ್ನಡ ಪುಸ್ತಕ ಎಷ್ಟು, ಮರಾಠಿ ಎಷ್ಟು ಅಂತ ಶುರುವಾದರೆ? ನಮ್ಮೂರಲ್ಲಿ ಉರ್ದು ಪೇಪರ್ ಯಾಕೆ ತರಸ್ತೀರಿ ಅಂತ ಒಬ್ಬ ಎದ್ದರೆ?

ಹಾಗಾಗಿ ನನ್ನ ಮನಸ್ಸು ಬದಲಾಗಿದೆ. ಕಾಯ್ದೆಯ ಆರು ಪೈಸೆ ಇರಲೇಬೇಕು. ಅದನ್ನ ಯಾವ ಓಟಿಗೂ ಬಿಡಬಾರದು, ಯಾರ ಸಿಟ್ಟಿಗೂ ಅದು ಸಿಗಬಾರದು. ಆದರೆ ಅದರ ಮೇಲೆ ನಮ್ಮನ್ನ ಕೇಳಬೇಕು. ನಿಮ್ಮ ವಾರ್ಡಿನ ಲೈಬ್ರರಿ ರಾತ್ರಿ ಹತ್ತರವರೆಗೆ ತೆರೆದಿರಬೇಕಾ, ಮಕ್ಕಳಿಗೆ ಬೇರೆ ಕೋಣೆ ಬೇಕಾ, ಅದಕ್ಕೆ ಇನ್ನೂ ಎರಡು ಪೈಸೆ ಜಾಸ್ತಿ ಕೊಡ್ತೀರಾ ಅಂತ ಕೇಳಲಿ. ನನ್ನ ಲೆಕ್ಕದಲ್ಲಿ ವರ್ಷಕ್ಕೆ 60 ರೂಪಾಯಿ ಜಾಸ್ತಿ. ನಾನು ಮೊದಲ ದಿನವೇ ಹೋಗಿ ಹೌದು ಅಂತ ಒತ್ತಿ ಬರ್ತೀನಿ. ಪಕ್ಕದ ಮನೆಯ ಅಜ್ಜಿಯಂಥವರಿಗೆ, ಪಿಂಚಣಿಯಲ್ಲಿ ಬದುಕುವವರಿಗೆ, ವಿನಾಯಿತಿ ಇರಲಿ. ಓಹಿಯೋದಲ್ಲಿ 65 ದಾಟಿದ, ಕಡಿಮೆ ಆದಾಯದ ಮನೆಯವರಿಗೆ ಆಸ್ತಿ ತೆರಿಗೆಯಲ್ಲೇ ಕಡಿತ ಇದೆ, ಇಲ್ಲೂ ಅಂಥದ್ದು ಮಾಡೋಕೆ ಏನು ಕಷ್ಟ? ಬಾಡಿಗೆಗೆ ಇರುವವರನ್ನೂ ಕೇಳಬೇಕು. ಚಲನ್ ಮಾಲೀಕರ ಹೆಸರಲ್ಲಿದ್ದರೂ ಬಾಡಿಗೆಯಲ್ಲಿ ಅದು ಸೇರಿರುತ್ತೆ, ಲೈಬ್ರರಿ ಜಾಸ್ತಿ ಬೇಕಾಗಿರೋದೂ ಅವರ ಮಕ್ಕಳಿಗೇ.

ಈಗ ಎಲ್ಲ ಮೊಬೈಲಲ್ಲಿ ಇದೆ, ಲೈಬ್ರರಿ ಯಾಕೆ ಅಂತ ನಮ್ಮ ಶಾಲೆಯಲ್ಲೇ ಕೆಲವರು ಕೇಳ್ತಾರೆ. ಅವರು ಒಂದು ದಿನ ಬೆಳಿಗ್ಗೆ ಬಂದು ಆ ಸಾಲು ನೋಡಲಿ. ಅಷ್ಟೂ ಜನರ ಜೇಬಲ್ಲಿ ಮೊಬೈಲ್ ಇದೆ. ಅವರು ಬರೋದು ಮೇಜಿಗೆ, ಬೆಳಕಿಗೆ, ಸುಮ್ನೆ ಕೂತು ಓದುವ ನಾಲ್ಕು ಜನರ ಜೊತೆಗೆ.

ಪುಸ್ತಕ ಕಳೆದುಕೊಂಡ ಊರು ನಮ್ಮದು. ಆಸಾರ್ ಮಹಲ್‌ಗೆ ಹೋದರೆ ಈಗ ಎತ್ತರದ ಕಂಬ, ಮುಂದಿನ ಹೊಂಡ, ಗೋಡೆಯ ಮೇಲೆ ಮಾಸಿದ ಚಿತ್ರ ಕಾಣ್ತವೆ. ಆದಿಲ್‌ಶಾಹಿಗಳ ಗ್ರಂಥಭಂಡಾರದ ಅಳಿದುಳಿದ ಹಸ್ತಪ್ರತಿಗಳು ಅಲ್ಲಿದ್ದವು. 1853ರಲ್ಲಿ ಇಂಗ್ಲಿಷರು ಅವನ್ನ ಲಂಡನ್ನಿಗೆ ಸಾಗಿಸಿದರು, ಇವತ್ತಿಗೂ ಅಲ್ಲೇ ಇವೆ. ಮಕ್ಕಳನ್ನ ಅಲ್ಲಿಗೆ ಕರಕೊಂಡು ಹೋದಾಗೆಲ್ಲ ಇದನ್ನ ಹೇಳ್ತೀನಿ. ಪುಸ್ತಕ ಉಳಿಸೋಕೆ ಮನೆ ಮಾರಿದವರೂ ನಮ್ಮೂರಿನವರೇ. ಫ. ಗು. ಹಳಕಟ್ಟಿಯವರು ವಕೀಲಿ ಮಾಡ್ತಾ ಊರೂರು ಅಲೆದು ತಾಡವೋಲೆ ಕೂಡಿಸಿ ವಚನಗಳನ್ನ ಅಚ್ಚು ಹಾಕಿಸಿದರು, ಅಚ್ಚಿನ ಮನೆ ನಡೆಸೋಕೆ ಇದ್ದ ಮನೆಯನ್ನೂ ಕಳೆದುಕೊಂಡರು. ಹರಿದ ಕೋಟು, ಹಳೆಯ ಸೈಕಲ್ಲು ಅಂತ ನಮ್ಮ ಅಜ್ಜ ಅವರ ಬಗ್ಗೆ ಹೇಳ್ತಿದ್ದರು. ನಮ್ಮ ಹತ್ತಿರ ಯಾರೂ ಮನೆ ಕೇಳ್ತಾ ಇಲ್ಲ.

ಹಳ್ಳಿ ಕಡೆ ಸ್ವಲ್ಪ ಬೆಳಕು ಕಾಣ್ತಾ ಇದೆ, ಅದನ್ನೂ ಹೇಳಬೇಕು. 2019ರಲ್ಲಿ ಐದು ಸಾವಿರಕ್ಕೂ ಜಾಸ್ತಿ ಗ್ರಾಮ ಪಂಚಾಯ್ತಿ ಗ್ರಂಥಾಲಯಗಳು ಪಂಚಾಯತ್ ರಾಜ್ ಇಲಾಖೆಗೆ ಬಂದವು, ಈಗ 'ಅರಿವು ಕೇಂದ್ರ' ಅಂತ ಹೆಸರು. 2020ರಲ್ಲಿ ಓದುವ ಬೆಳಕು ಅಂತ ಶುರು ಮಾಡಿ ಮಕ್ಕಳಿಗೆ ಪುಕ್ಕಟೆ ಸದಸ್ಯತ್ವ ಕೊಟ್ಟರು. ನನ್ನ ತವರೂರಿನ ಕೇಂದ್ರಕ್ಕೆ ದೀಪಾವಳಿಗೆ ಹೋಗಿದ್ದೆ. ಗೋಡೆಗೆ ಬಣ್ಣ, ಮಕ್ಕಳು ಚಾಪೆಯ ಮೇಲೆ ಅಂಗಾತ ಮಲಗಿ ಓದ್ತಾ ಇದ್ದರು. ಹೇಗಾಯ್ತು ಅಂತ ಕೇಳಿದರೆ ನಮ್ಮ ಅಣ್ಣ ಹೇಳಿದ, ಗ್ರಾಮಸಭೆಯಲ್ಲಿ ಹೆಣ್ಣುಮಕ್ಕಳು ಎದ್ದು ನಿಂತು ಕೇಳಿದರಂತೆ, ನಮ್ಮ ಹುಡುಗರಿಗೆ ಕೂರೋಕೆ ಜಾಗ ಎಲ್ಲಿ ಅಂತ. ಊರೆಲ್ಲ ಕೂಡಿ ಕೂರುವ ಗ್ರಾಮಸಭೆ ಹಳ್ಳಿಗೆ ಇದೆ. ಪಟ್ಟಣದ ಓಣಿಯ ನಮಗೆ ವಾರ್ಡ್ ಸಮಿತಿ ಅನ್ನೋದು ಕಾಗದದ ಮೇಲೆ ಕೇಳಿದ ಹೆಸರು.

ಅದಕ್ಕೇ ಸದ್ಯಕ್ಕೆ ನನ್ನ ಕೈಯಲ್ಲಿ ಆಗುವ ಒಂದು ಕೆಲಸ ಮಾಡಿದ್ದೇನೆ. ಮೊನ್ನೆ ಶನಿವಾರ ಶಾಲೆ ಬಿಟ್ಟ ಮೇಲೆ ಲೈಬ್ರರಿಗೆ ಹೋಗಿ ಮಾಹಿತಿ ಹಕ್ಕಿನ ಅರ್ಜಿ ಬರೆದೆ. ಕಳೆದ ಐದು ವರ್ಷ ನಮ್ಮ ಊರಲ್ಲಿ ವಸೂಲಾದ ಗ್ರಂಥಾಲಯ ಕರ ಎಷ್ಟು, ಅದರಲ್ಲಿ ಗ್ರಂಥಾಲಯಕ್ಕೆ ಕೊಟ್ಟದ್ದು ಎಷ್ಟು, ಯಾವ ತಾರೀಖಿಗೆ. ಕರ್ನಾಟಕದಲ್ಲಿ ಅರ್ಜಿ 150 ಶಬ್ದ ಮೀರಬಾರದು, ಒಂದೇ ವಿಷಯ ಇರಬೇಕು. ನನ್ನದು ಮೊದಲು 190 ಆಯ್ತು. ಪುಸ್ತಕದ ಪುಟ ಕಳೆದುಹೋದ ಆ ಹುಡುಗಿ ಪಕ್ಕದಲ್ಲಿ ಕೂತು ಪೆನ್ಸಿಲಿನಿಂದ ಶಬ್ದ ಎಣಿಸಿದಳು. "ಟೀಚರ್ರೀ, 'ದಯಮಾಡಿ' ಮೂರು ಸಲ ಬಂದೈತ್ರಿ, ಎರಡು ತಗೀರಿ" ಅಂದಳು. ತೆಗೆದೆ. ಶೌಚಾಲಯದ ವಿಷಯವನ್ನೂ ಬರೆದಿದ್ದೆ. ಅದು ಬೇರೆ ವಿಷಯ ಆಗುತ್ತೆ, ಬೇರೆ ಅರ್ಜಿ ಬೇಕು ಅಂತ ಅವಳೇ ಹೇಳಿ, ಅದನ್ನ ತಾನೇ ತನ್ನ ಹೆಸರಲ್ಲಿ ಬರೆಯೋಕೆ ಶುರು ಮಾಡಿದಳು. ಎದುರಿಗೆ ಕೂತಿದ್ದ ಇಬ್ಬರು ಹುಡುಗರು ಏನು ಬರೀತಾ ಇದ್ದೀರಿ ಅಂತ ಬಗ್ಗಿ ನೋಡಿದರು.

ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಎರಡು ತಂದಿಟ್ಟಿದ್ದೇನೆ. ಸೋಮವಾರ ಎರಡನ್ನೂ ಕೊಟ್ಟು ಸ್ವೀಕೃತಿ ತಗೋತೀನಿ. ಮೂವತ್ತು ದಿನದೊಳಗೆ ಉತ್ತರ ಬರಬೇಕು. ಬಂದ ಕೂಡಲೇ ಇಲ್ಲೇ ಹಾಕ್ತೀನಿ, ಗುಡಿಯ ಕಟ್ಟೆಯ ಮೇಲೂ ಓದ್ತೀನಿ.